ಡಿಸ್ನಿ ವಿಶ್ ಮತ್ತು ಯುಟೋಪಿಯಾ: ಎರಡು ಹಡಗುಗಳಲ್ಲಿ ಒಂದನ್ನು ನಾವು ಆರಿಸಿದ್ದು ಹೀಗೆ

ಫ್ಲೋರಿಡಾದ ಪೋರ್ಟ್ ಕೆನವೆರಲ್ ಬಂದರಿನಿಂದ ಬಹಾಮಾಸ್ ದ್ವೀಪಗಳಿಗೆ ಹೋಗಿಬರುವ ಪ್ರವಾಸಿ (ಕ್ರೂಸ್) ಹಡಗುಗಳಲ್ಲಿ ಕೊನೆಗೆ ಎರಡು ನಮ್ಮ ಮುಂದೆ ಉಳಿದವು. ಒಂದು ಡಿಸ್ನಿ ವಿಶ್, 2022ರಲ್ಲಿ ಶುರುವಾದದ್ದು. ಇನ್ನೊಂದು ರಾಯಲ್ ಕೆರಿಬಿಯನ್‌ನವರ ಯುಟೋಪಿಯಾ ಆಫ್ ದ ಸೀಸ್, 2024ರದು. ಎರಡೂ ಒಂದೇ ಬಂದರಿನಿಂದ ಹೊರಡುತ್ತವೆ. ಎರಡೂ ಮೂರು ಅಥವಾ ನಾಲ್ಕು ರಾತ್ರಿಯ ಪ್ರವಾಸ. ಎರಡೂ ನಸೌ ಊರಿಗೆ ಹೋಗುತ್ತವೆ, ಜೊತೆಗೆ ತಮ್ಮ ತಮ್ಮ ಖಾಸಗಿ ದ್ವೀಪಕ್ಕೆ. ಹಾಗಾಗಿ ಊರು ನೋಡಿ ಆರಿಸುವ ಪ್ರಶ್ನೆಯೇ ಇರಲಿಲ್ಲ. ಹಡಗನ್ನೇ ನೋಡಿ ತೀರ್ಮಾನ ಮಾಡಬೇಕಿತ್ತು.

ಹೊರಟವರು ಆರು ಜನ. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು, ಮೈಸೂರಿನಿಂದ ಅಟ್ಲಾಂಟಾಕ್ಕೆ ನಮ್ಮ ಮನೆಗೆ ಬಂದಿದ್ದ ಅತ್ತೆ ಮಾವ. ಅತ್ತೆಗೆ ಮಂಡಿ ನೋವು. ಇಬ್ಬರೂ ಮೊಟ್ಟೆ ಕೂಡ ಮುಟ್ಟುವವರಲ್ಲ.

ಗೆಳೆಯರನ್ನು ಕೇಳಿದರೆ ಅರ್ಧ ಜನ ಡಿಸ್ನಿ ಅಂದರು, ಅರ್ಧ ಜನ "ಅಷ್ಟು ದುಡ್ಡು ಯಾಕೆ ಸುಮ್ನೆ, ರಾಯಲ್‌ಗೆ ಹೋಗಿ" ಅಂದರು. ಇಬ್ಬರೂ ಹಡಗಿನಲ್ಲಿ ಏನೇನಿದೆ ಅಂತ ಹೇಳುತ್ತಿದ್ದರೇ ಹೊರತು, ಅದರಲ್ಲಿ ನಮ್ಮ ಮನೆಯವರಿಗೆ ಎಷ್ಟು ಸಿಗುತ್ತದೆ ಅಂತ ಯಾರೂ ಹೇಳಲಿಲ್ಲ. ನನಗೆ ಬೇಕಾಗಿದ್ದು ಆ ಲೆಕ್ಕ. ಹಡಗಿನಲ್ಲಿ ನೂರು ಆಟ ಇರಬಹುದು. ಮಕ್ಕಳನ್ನು ಅದಕ್ಕೆ ಹತ್ತಿಸದಿದ್ದರೆ ನಾವು ಕಟ್ಟುವ ದುಡ್ಡು ಬೇರೆಯವರ ಮಕ್ಕಳ ಆಟಕ್ಕೆ ಹೋದ ಹಾಗೆ.

ಮಗನಿಗೆ ಯುಟೋಪಿಯಾವೇ ಬೇಕಿತ್ತು. ಅದರ ಫ್ಲೋರೈಡರ್ ವಿಡಿಯೋ ನೋಡಿ ನೋಡಿ ಅವನಿಗೆ ಬಾಯಿಪಾಠ ಆಗಿತ್ತು. ಹಡಗಿನ ಮೇಲೆ ಕೃತಕ ಅಲೆ ಬರುತ್ತದೆ, ಅದರ ಮೇಲೆ ಹಲಗೆ ಹಿಡಿದು ಸವಾರಿ. ಒಂದು ಸಂಜೆ ಇಬ್ಬರನ್ನೂ ಚಪ್ಪಲಿ ಬಿಚ್ಚಿಸಿ ಅಡುಗೆಮನೆ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದೆ. ತಲೆ ಮೇಲೆ ಒಂದು ನೋಟ್‌ಬುಕ್ ಅಡ್ಡ ಇಟ್ಟು, ಪೆನ್ಸಿಲ್ ಗೆರೆ ಎಳೆದು, ಟೇಪ್ ಹಿಡಿದೆ. ಮಗ 50 ಇಂಚು. ಮಗಳು 40. ಮಗ ಹಿಮ್ಮಡಿ ಎತ್ತಿ ಇನ್ನೊಂದು ಸಲ ಅಳೆಯಿಸಿಕೊಂಡ. ಫ್ಲೋರೈಡರ್‌ನಲ್ಲಿ ಮಲಗಿ ಅಥವಾ ಮಂಡಿಯೂರಿ ಹೋಗಲು 52 ಇಂಚು ಬೇಕು, ನಿಂತು ಹೋಗಲು 58. ತಂತಿ ಮೇಲೆ ಜಾರುವ ಜಿಪ್‌ಲೈನ್‌ಗೂ 52. ಮಗಳಿಗಂತೂ ದೊಡ್ಡ ಒಣ ಜಾರುಬಂಡಿ ಅಬಿಸ್ ಕೂಡ ಇಲ್ಲ, ಅದಕ್ಕೆ 44 ಬೇಕು.

ವಿಶ್‌ನಲ್ಲಿ ಮೇಲಿನ ಡೆಕ್ ಸುತ್ತ ಹೋಗುವ ಅಕ್ವಾಮೌಸ್ ಅನ್ನುವ ನೀರಿನ ಸವಾರಿ ಇದೆ. ಅದಕ್ಕೆ 38 ಇಂಚು ಸಾಕು, ಚಿಕ್ಕವರ ಜೊತೆ ದೊಡ್ಡವರು ಕೂರಬೇಕು ಅಷ್ಟೆ. ಅಂದರೆ ಇಬ್ಬರು ಮಕ್ಕಳೂ ಹತ್ತಬಹುದು. ಈ ಒಂದು ಅಳತೆ ನಮ್ಮ ಮನೆಯ ಮಾತನ್ನೇ ತಿರುಗಿಸಿತು. ಕ್ರೂಸ್ ನೋಡುತ್ತಿರುವವರಿಗೆ ನಾನು ಮೊದಲು ಹೇಳುವುದೇ ಇದು: ಬೆಲೆ ನೋಡುವ ಮುಂಚೆ ಟೇಪ್ ಹಿಡಿಯಿರಿ. ಹಡಗು ಹತ್ತಿದ ಮೇಲೆ ಅಳೆಯುವವರು ಅರ್ಧ ಇಂಚು ಕೂಡ ಬಿಡುವುದಿಲ್ಲ.

ಇನ್ನೂ ಡೈಪರ್ ಹಾಕುವ ಮಗು ಇರುವವರಿಗೆ ಇನ್ನೊಂದು ವಿಷಯ. ಈಜು ಡೈಪರ್ ಹಾಕಿದ್ದರೂ ಎರಡೂ ಹಡಗುಗಳ ಕೊಳಕ್ಕೆ ಮಗುವನ್ನು ಇಳಿಸುವ ಹಾಗಿಲ್ಲ. ಅದಕ್ಕೆಂದೇ ಇರುವ ನೀರು ಚಿಮ್ಮುವ ಚಿಕ್ಕ ಜಾಗ ಮಾತ್ರ. ಮಕ್ಕಳ ಕ್ಲಬ್‌ಗೂ ಮೂರು ವರ್ಷ ತುಂಬಿ, ಡೈಪರ್ ಬಿಟ್ಟಿರಬೇಕು. ಅದಕ್ಕಿಂತ ಚಿಕ್ಕವರಿಗೆ ನರ್ಸರಿ ಇದೆ, ಗಂಟೆ ಲೆಕ್ಕದಲ್ಲಿ ದುಡ್ಡು.

ಕ್ಲಬ್ ವಿಷಯದಲ್ಲೂ ವ್ಯತ್ಯಾಸ ಕಂಡಿತು. ವಿಶ್‌ನಲ್ಲಿ ಮೂರರಿಂದ ಹತ್ತು ವರ್ಷದವರಿಗೆ ಒಂದೇ ಕ್ಲಬ್. ಹಡಗಿನ ದೊಡ್ಡ ಹಾಲ್‌ನಿಂದ ಮಕ್ಕಳು ಜಾರುಬಂಡಿಯಲ್ಲಿ ಜಾರಿ ನೇರ ಕ್ಲಬ್‌ನೊಳಗೆ ಇಳಿಯಬಹುದು. ರಾಯಲ್‌ನಲ್ಲಿ ಮೂರರಿಂದ ಐದು ಒಂದು ಗುಂಪು, ಆರರಿಂದ ಹನ್ನೆರಡು ಇನ್ನೊಂದು. ನನ್ನ ಮಗಳು ಅಣ್ಣ ಜೊತೆಗಿಲ್ಲದಿದ್ದರೆ ಹೊಸ ಜಾಗದಲ್ಲಿ ಐದು ನಿಮಿಷ ನಿಲ್ಲುವವಳಲ್ಲ. ಒಂದೇ ಕ್ಲಬ್ ಇದ್ದದ್ದು ನಮಗೆ ದೊಡ್ಡ ಅನುಕೂಲ. ರಾತ್ರಿ ಹತ್ತರ ಮೇಲೆ ಮಕ್ಕಳನ್ನು ಬಿಟ್ಟರೆ ರಾಯಲ್‌ನಲ್ಲಿ ಗಂಟೆಗೆ ಇಷ್ಟು ಅಂತ ಕಟ್ಟಬೇಕು, ಡಿಸ್ನಿಯಲ್ಲಿ ಅದು ಟಿಕೆಟ್‌ನಲ್ಲೇ ಸೇರಿರುತ್ತದೆ.

ಮಾವನಿಗೆ ಮಾತ್ರ ಯುಟೋಪಿಯಾದ ಸೆಂಟ್ರಲ್ ಪಾರ್ಕ್ ಮೇಲೆ ಕಣ್ಣು. ಹಡಗಿನ ನಡುವೆ, ತೆರೆದ ಆಕಾಶದ ಕೆಳಗೆ ನಿಜವಾದ ಗಿಡಮರ ಬೆಳೆಸಿದ್ದಾರೆ. "ಸಮುದ್ರದ ಮಧ್ಯೆ ತೋಟದಲ್ಲಿ ವಾಕಿಂಗ್ ಅಂದ್ರೆ ಏನಮ್ಮಾ ಕಮ್ಮಿನಾ!" ಅಂದರು. ಅವರ ಮಾತು ಸರಿಯೇ. ವಿಶ್‌ನಲ್ಲಿ ಅಂಥದ್ದು ಇಲ್ಲ. ಹಿರಿಯರಿಗೆ ಅಂತಲೇ ನೋಡಿದರೆ ನಾನು ಯುಟೋಪಿಯಾಕ್ಕೆ ಜಾಸ್ತಿ ಅಂಕ ಕೊಡುತ್ತೇನೆ. ಆದರೆ ಅದರಲ್ಲಿ ಕ್ಯಾಸಿನೋ ಇದೆ, ಅದರ ಒಂದು ಭಾಗದಲ್ಲಿ ಸಿಗರೇಟ್ ಸೇದಲು ಬಿಡುತ್ತಾರೆ. ವಾರಾಂತ್ಯದ ಪಾರ್ಟಿಗೆ ಅಂತ ಬರುವವರೂ ಜಾಸ್ತಿ. ಡಿಸ್ನಿ ಹಡಗುಗಳಲ್ಲಿ ಕ್ಯಾಸಿನೋ ಇಲ್ಲವೇ ಇಲ್ಲ.

ಡಿಸ್ನಿ ಹಡಗು ಚಿಕ್ಕದು, ಅತ್ತೆಗೆ ನಡೆಯುವುದು ಕಮ್ಮಿ ಅಂತ ಹಲವರು ಹೇಳಿದ್ದರು. ಉದ್ದದಲ್ಲಿ ಅಂಥ ವ್ಯತ್ಯಾಸ ಏನಿಲ್ಲ. ವಿಶ್ 340 ಮೀಟರ್ ಹತ್ತಿರ, ಯುಟೋಪಿಯಾ 360 ದಾಟುತ್ತದೆ. ಎರಡರಲ್ಲೂ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಮಂಡಿ ಮಾತಾಡುತ್ತದೆ. ವ್ಯತ್ಯಾಸ ಇರುವುದು ಜನಸಂದಣಿಯಲ್ಲಿ. ವಿಶ್ ತುಂಬಿದರೆ 4,000 ಜನ. ಯುಟೋಪಿಯಾದಲ್ಲಿ ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,600 ದಾಟುತ್ತದೆ. ಅದಕ್ಕೇ ನಾವು ಹಡಗಿನ ನಟ್ಟನಡುವೆ, ಲಿಫ್ಟ್‌ಗೆ ಹತ್ತಿರ, ಕೆಳಗಿನ ಡೆಕ್‌ನಲ್ಲಿ ಕೋಣೆ ಹಿಡಿದೆವು. ನಡುವಿನಲ್ಲಿ, ಕೆಳಗೆ ಇದ್ದಷ್ಟೂ ಓಲಾಟ ಕಮ್ಮಿ. "ನೀರಿನ ಮೇಲೆ ನಿದ್ದೆ ಹತ್ತುತ್ತಾ?" ಅಂತ ಕೇಳುತ್ತಿದ್ದ ಅತ್ತೆ ಮೊದಲ ರಾತ್ರಿಯೇ ಹಾಯಾಗಿ ಮಲಗಿದರು.

ಕೋಣೆ ಎರಡು ತೆಗೆದುಕೊಂಡೆವು, ನಡುವೆ ಬಾಗಿಲು ಇರುವಂಥದ್ದು. ಇಂಥವು ಬೇಗ ಮುಗಿದುಹೋಗುತ್ತವೆ, ಬುಕ್ ಮಾಡುವಾಗಲೇ ಕೇಳಿ. ವಿಶ್‌ನ ಹೆಚ್ಚಿನ ಕೋಣೆಗಳಲ್ಲಿ ಸ್ನಾನದ ಮನೆ ಬೇರೆ, ಶೌಚಾಲಯ ಬೇರೆ, ಎರಡರಲ್ಲೂ ಕೈ ತೊಳೆಯುವ ಬೇಸಿನ್. ಮಕ್ಕಳಿರುವ ಮನೆಯವರಿಗೆ ಬೆಳಗಿನ ಹೊತ್ತು ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ಊಟ. ಇದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ತಲೆಕೆಡಿಸಿಕೊಂಡಿದ್ದೆ. ರಾಯಲ್‌ನ ವಿಂಡ್‌ಜಾಮರ್ ಬಫೆಯಲ್ಲಿ ಅನ್ನ, ದಾಲ್, ಒಂದೆರಡು ಪಲ್ಯ ಸಿಗುತ್ತದೆ ಅಂತ ಹೋಗಿಬಂದವರೆಲ್ಲ ಹೇಳಿದರು. ಬಡಿಸಿಕೊಂಡು ಬೇಕಾದಾಗ ಕೂತು ತಿನ್ನುವುದು ಹಿರಿಯರಿಗೆ ಹಿತ. ಡಿಸ್ನಿಯಲ್ಲಿ ರಾತ್ರಿ ಊಟಕ್ಕೆ ದಿನಕ್ಕೊಂದು ಹೋಟೆಲ್ ಬದಲಾಗುತ್ತದೆ. ವಿಶ್‌ನಲ್ಲಿ ಅರೆಂಡೆಲ್, ವರ್ಲ್ಡ್ಸ್ ಆಫ್ ಮಾರ್ವೆಲ್, 1923 ಅಂತ ಮೂರು. ಬಡಿಸುವವರು ಮಾತ್ರ ಬದಲಾಗುವುದಿಲ್ಲ, ನಿಮ್ಮ ಜೊತೆಯೇ ಬರುತ್ತಾರೆ. ನಮಗೆ ಕೆಲಸಕ್ಕೆ ಬಂದದ್ದು ಇದೇ. ಮೊದಲ ರಾತ್ರಿ ಬಡಿಸುವವರ ಮುಖ್ಯಸ್ಥರಿಗೆ ಮೊಟ್ಟೆ, ಮೀನು, ಮಾಂಸ ಯಾವುದೂ ಬೇಡ ಅಂತ ಬಿಡಿಸಿ ಹೇಳಿದೆವು. ಮರುದಿನದಿಂದ ಅತ್ತೆ ಮಾವನಿಗೆ ಬಿಸಿ ಅನ್ನ, ದಾಲ್, ತರಕಾರಿ ಪಲ್ಯ, ಮೊಸರು ತಾನಾಗಿಯೇ ಮೇಜಿಗೆ ಬಂತು. ಮಗಳಿಗೆ ಮೊಸರನ್ನ ಕಲಸಿ ಕೊಟ್ಟರೆ ಪಕ್ಕದ ಮೇಜಿನವರು ಅದೇನು ಅಂತ ಕೇಳಿದರು. ಸಾರು ಹುಳಿ ನಿರೀಕ್ಷೆ ಮಾಡಬೇಡಿ, ಉತ್ತರ ಭಾರತದ ರುಚಿಯೇ ಜಾಸ್ತಿ. ಅಂಗಡಿಯಲ್ಲಿ ಸೀಲ್ ಮಾಡಿದ ಉಪ್ಪಿನಕಾಯಿ, ಚಟ್ನಿಪುಡಿ ಪೊಟ್ಟಣ ತೆಗೆದುಕೊಂಡು ಹೋಗಬಹುದು. ಮನೆಯಲ್ಲಿ ಮಾಡಿದ ಪುಳಿಯೋಗರೆ ಬಿಡುವುದಿಲ್ಲ. ಪುಟ್ಟ ರೈಸ್ ಕುಕ್ಕರ್, ನೀರು ಕಾಯಿಸುವ ಕೆಟಲ್, ಇಸ್ತ್ರಿ ಪೆಟ್ಟಿಗೆ ಯಾವುದೂ ಬೇಡ. ಬೆಂಕಿಯ ಭಯಕ್ಕೆ ಹಡಗಿನವರು ಎತ್ತಿಟ್ಟುಕೊಳ್ಳುತ್ತಾರೆ.

ದುಡ್ಡಿನ ಮಾತು. ನಾವು ನೋಡಿದ ವಾರಕ್ಕೆ ಡಿಸ್ನಿ ಬೆಲೆ ರಾಯಲ್‌ಗಿಂತ ತುಂಬಾನೇ ಮೇಲಿತ್ತು. ಆದರೆ ಟಿಕೆಟ್ ಬೆಲೆ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಲದು. ಎರಡರಲ್ಲೂ ತಲೆಗೆ ದಿನಕ್ಕೆ 15ರಿಂದ 20 ಡಾಲರ್ ಟಿಪ್ಸ್ ಬೇರೆ, ಮಕ್ಕಳಿಗೂ ಸೇರಿ. ರಾಯಲ್‌ನಲ್ಲಿ ಸೋಡಾ ಬೇಕೆಂದರೆ ಪ್ಯಾಕೇಜ್ ಕೊಳ್ಳಬೇಕು, ಡಿಸ್ನಿಯಲ್ಲಿ ಅದು ಸೇರಿರುತ್ತದೆ. ದ್ವೀಪದಲ್ಲೂ ಹಾಗೆಯೇ. ರಾಯಲ್‌ನ ಕೊಕೊಕೇಯಲ್ಲಿ ದೊಡ್ಡ ಜಾರುಬಂಡಿಗಳಿರುವ ವಾಟರ್ ಪಾರ್ಕ್‌ಗೆ ಪ್ರತ್ಯೇಕ ಟಿಕೆಟ್, ಕಡಲತೀರ, ಕೊಳ, ಚಿಕ್ಕ ಮಕ್ಕಳ ನೀರಾಟದ ಜಾಗ ಪುಕ್ಕಟೆ. ಡಿಸ್ನಿಯ ಕಾಸ್ಟವೇ ಕೇಯಲ್ಲಿ ಮಧ್ಯಾಹ್ನದ ಊಟ, ಓಡಾಡುವ ಟ್ರಾಮ್ ಎಲ್ಲ ಸೇರಿಯೇ ಇರುತ್ತದೆ. ಎರಡೂ ದ್ವೀಪಗಳಲ್ಲಿ ಹಡಗು ನೇರ ಕಟ್ಟೆಗೇ ನಿಲ್ಲುತ್ತದೆ, ಚಿಕ್ಕ ದೋಣಿಗೆ ಇಳಿದು ಹತ್ತುವ ಗೋಜಿಲ್ಲ. ಮಂಡಿ ನೋವಿನವರಿಗೆ ಇದು ಬಹಳ ಮುಖ್ಯ. ಇದನ್ನೆಲ್ಲ ಕೂಡಿಸಿ ಕಳೆದರೂ ಡಿಸ್ನಿಯೇ ದುಬಾರಿ. ಅಂತರ ಸ್ವಲ್ಪ ಕಮ್ಮಿಯಾಯಿತು ಅಷ್ಟೆ.

ಕೊನೆಗೆ ವಿಶ್ ಅಂತ ತೀರ್ಮಾನ ಮಾಡಿದೆವು. ನಾಲ್ಕು ವರ್ಷದವಳಿಗೂ ಒಂಬತ್ತು ವರ್ಷದವನಿಗೂ ಒಟ್ಟಿಗೆ ಆಡಲು ಜಾಸ್ತಿ ಸಿಗುತ್ತಿದ್ದುದು ಅದರಲ್ಲೇ. ಮಕ್ಕಳು ಕ್ಲಬ್‌ನಲ್ಲಿ ಖುಷಿಯಾಗಿದ್ದುದರಿಂದ ನಾವು ನಾಲ್ಕು ಜನ ದೊಡ್ಡವರು ಡೆಕ್ ಮೇಲೆ ಕೂತು ಸಂಜೆಯೆಲ್ಲ ಮಾತಾಡಿದೆವು. ಮನೆಯಲ್ಲಿದ್ದರೆ ಅಷ್ಟು ಹೊತ್ತು ಕೂರಲು ಎಲ್ಲಿ ಆಗುತ್ತದೆ? ಸಮುದ್ರದ ಮೇಲೆ ರಾತ್ರಿ ಬಾಣಬಿರುಸು ಹಾರಿಸಿದಾಗ ಅತ್ತೆ ಮೊಮ್ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದರು, ಮಂಡಿ ನೋವು ಮರೆತು.

ನಿಮ್ಮ ಮಕ್ಕಳೆಲ್ಲ ಹತ್ತು ದಾಟಿ, 52 ಇಂಚು ದಾಟಿದ್ದರೆ ಯೋಚನೆ ಮಾಡದೆ ಯುಟೋಪಿಯಾ ಹಿಡಿಯಿರಿ. ಆ ವಯಸ್ಸಿನವರಿಗೆ ಅದರಲ್ಲಿ ಬೆಳಗಿನಿಂದ ರಾತ್ರಿವರೆಗೂ ಕೆಲಸ ಇದೆ, ದುಡ್ಡೂ ಉಳಿಯುತ್ತದೆ. ನಾವೂ ಇನ್ನೆರಡು ವರ್ಷಕ್ಕೆ ಅದಕ್ಕೇ ಹೋಗುವುದು. ಮಾವನಿಗೆ ಮಾತು ಕೊಟ್ಟಾಗಿದೆ.

ಯಾವ ಹಡಗಾದರೂ ಬುಕ್ ಮಾಡುವ ಮುಂಚೆ ಕೆಲವು ವಿಷಯ ನೋಡಿಕೊಳ್ಳಿ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗ ಕೆಲವು ವಾರ ದರ ಇಳಿದಿರಬಹುದು, ಆದರೆ ದಾರಿ ಬದಲಾಗಬಹುದು, ದ್ವೀಪ ತಪ್ಪಬಹುದು. ನಾವು ಮೇ ಕೊನೆಗೆ, ಜಾರ್ಜಿಯಾದಲ್ಲಿ ಶಾಲೆ ಮುಗಿದ ಕೂಡಲೇ ಹೋದೆವು. ಹಿಂದಿನ ದಿನವೇ ಕಾರಿನಲ್ಲಿ ಹೊರಟು ಬಂದರಿನ ಹತ್ತಿರ ಉಳಿದುಕೊಂಡೆವು. ಹಡಗು ಯಾರಿಗಾಗಿಯೂ ಕಾಯುವುದಿಲ್ಲ.

ಊರಿನಿಂದ ಬಂದ ಹಿರಿಯರಿಗೆ ತೆಗೆದ ವಿಸಿಟರ್ ಇನ್ಶೂರೆನ್ಸ್ (ಆರೋಗ್ಯ ವಿಮೆ) ಹಡಗಿನಲ್ಲಿ, ಬಹಾಮಾಸ್‌ನಲ್ಲಿ ನಡೆಯುತ್ತದಾ ಅಂತ ಬರೆದು ಕೇಳಿ ಉತ್ತರ ತರಿಸಿಕೊಳ್ಳಿ. ಹಡಗಿನ ವೈದ್ಯರ ಬಿಲ್ ನಿಮ್ಮ ಖಾತೆಗೇ ಬೀಳುತ್ತದೆ. ಅವರ ಅಮೆರಿಕ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವಂಥದ್ದಾಗಿರಬೇಕು, ಯಾಕೆಂದರೆ ಬಹಾಮಾಸ್‌ಗೆ ಹೋದರೆ ಅಮೆರಿಕ ಬಿಟ್ಟು ಹೋದ ಹಾಗೆಯೇ ಲೆಕ್ಕ. ಎಚ್-1ಬಿ ವೀಸಾ ಮೇಲೆ ಅಮೆರಿಕದಲ್ಲಿ ಕೆಲಸ ಮಾಡುವವರು ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಮುಗಿಯುವ ತಾರೀಕು ನೋಡಿಕೊಳ್ಳಿ. ಅದು ಮುಗಿದಿದ್ದರೂ ಕೆನಡಾ, ಮೆಕ್ಸಿಕೋಗೆ 30 ದಿನದೊಳಗೆ ಹೋಗಿಬರಲು ವಿನಾಯಿತಿ ಇದೆಯಲ್ಲ, ಅದು ಎಚ್-1ಬಿಯವರಿಗೆ ಬಹಾಮಾಸ್ ವಿಷಯದಲ್ಲಿ ಇಲ್ಲ. ನನ್ನ ಗಂಡ ಮುಂಗಡ ಕಟ್ಟುವ ಮೊದಲೇ ಆರೂ ಜನರ ಪಾಸ್‌ಪೋರ್ಟ್ ಊಟದ ಮೇಜಿನ ಮೇಲೆ ಹರಡಿ, ಒಂದೊಂದೇ ತಾರೀಕು ಓದಿದರು, ನಾನು ಬರೆದುಕೊಂಡೆ. ಆಮೇಲೇ ಕಾರ್ಡ್ ತೆಗೆದದ್ದು.