ಶಾಲೆಯ ಆಪ್ತಸಮಾಲೋಚಕರ ಭೇಟಿಗೆ ಮುನ್ನ

ಓದು-ಬರಹದಲ್ಲಿ ಮಗು ಹಿಂದೆ ಬಿದ್ದಿದೆ ಎಂದು ಶಾಲೆಯಿಂದ ಕರೆ ಬಂದಿದ್ದರೆ, ಎರಡು ವಾರ ಪ್ರತಿದಿನ ಬರೆದಿಡಿ: ಹೋಂವರ್ಕ್‌ಗೆ ಎಷ್ಟು ಹೊತ್ತಾಯಿತು, ಎಲ್ಲಿ ತಡವರಿಸಿತು, ನಿದ್ದೆ ಎಷ್ಟು ಗಂಟೆ. ‘ಗಮನವೇ ಕೊಡಲ್ಲ’ ಎಂದರೆ ಆಪ್ತಸಮಾಲೋಚಕರಿಗೆ ಏನೂ ತಿಳಿಯದು. ‘ಓದಲು ಕೂತರೆ 10 ನಿಮಿಷಕ್ಕೆ ಏಳ್ತಾನೆ, ಕತೆ ಹೇಳಿದರೆ ಅರ್ಧ ಗಂಟೆ ಕೂರ್ತಾನೆ’ ಎಂದರೆ ಬಹಳ ತಿಳಿಯುತ್ತದೆ.

ತಪ್ಪುಗಳಿರುವ ನೋಟ್‌ಬುಕ್ಕನ್ನೇ ಒಯ್ಯಿರಿ. ತಿದ್ದಿ ಬರೆಸಿದ್ದು ದಯವಿಟ್ಟು ಬೇಡ, ತೊಂದರೆಯ ಗುರುತೇ ಅದರಲ್ಲಿ ಅಳಿಸಿಹೋಗಿರುತ್ತದೆ. ಕಣ್ಣು, ಕಿವಿ ಪರೀಕ್ಷೆ ಮೊದಲೇ ಮಾಡಿಸಿ. ಮನೆಮಾತು ತುಳುವೋ ಉರ್ದುವೋ ಆಗಿದ್ದರೆ ಹೇಳಿ, ಮೌಲ್ಯಮಾಪನ ಯಾವ ಭಾಷೆಯಲ್ಲಿ ಎಂದು ಕೇಳಿ.

ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಓದು, ಬರಹ ಅಥವಾ ಲೆಕ್ಕ ಕಲಿಯುವುದರಲ್ಲಿ ಮಗುವಿಗೆ ಇರುವ ವಿಶೇಷ ತೊಂದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕೆ ಈ ನ್ಯೂನತೆಯ ಪ್ರಮಾಣಪತ್ರ ಬೇಕು. 10ನೇ ತರಗತಿವರೆಗೆ ಕಾಯದೆ ಈಗಲೇ ವಿಚಾರಿಸಿ.