ಫ್ಯಾನ್ ವೈಂಡಿಂಗ್ ತಂತಿಯಲ್ಲಿ ಗಾಳದ ಹುಳ ಕಟ್ಟುವುದು ಹೇಗೆ

ಗುಬ್ಬಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಸುಟ್ಟ ಪಂಪುಗಳು ಬಾಗಿಲವರೆಗೂ ಸಾಲು ನಿಂತಿರುತ್ತವೆ. ಮಳೆ ಹಿಡಿದ ಮೇಲೆ ಕೈ ಸ್ವಲ್ಪ ಬಿಡುವಾಗುತ್ತದೆ. ಆಗ ಅದೇ ಮೇಜಿನ ಮೇಲೆ, ಅದೇ ತಾಮ್ರದ ತಂತಿಯಲ್ಲಿ ಗಾಳಕ್ಕೆ ನಕಲಿ ಹುಳ ಕಟ್ಟುತ್ತೇನೆ. ಕಡಬದ ಕೆರೆಯಲ್ಲಿ ಗೆಂಡೆ ಮೀನಿಗೂ ಜಿಲೇಬಿ (ತಿಲಾಪಿಯಾ) ಮೀನಿಗೂ ನಾನು ಹಾಕುವುದು ಇದನ್ನೇ. ಎರೆಹುಳು ಅಗೆಯುವ ಕೆಲಸವಿಲ್ಲ, ಹಿಟ್ಟು ಕಲಸುವ ಕೆಲಸವಿಲ್ಲ. ಒಮ್ಮೆ ಕಟ್ಟಿದರೆ ತುಂಬಾ ದಿನ ಬಾಳುತ್ತದೆ.

ಈ ವಿದ್ಯೆ ಬಂದಿದ್ದು ಟ್ರೌಟ್ ಹಿಡಿಯುವವರಿಂದ. ಟ್ರೌಟ್ ತಣ್ಣೀರಿನ ಮೀನು. ನಮ್ಮ ಕಡೆ ನೀಲಗಿರಿಯ ಮೇಲಿನ ಹೊಳೆಗಳಲ್ಲಿದೆ, ಉತ್ತರದಲ್ಲಿ ಹಿಮಾಚಲದ ತೀರ್ಥನ್ ನದಿಯಲ್ಲಿದೆ. ಅಂಥ ರಭಸದ ನೀರಿನಲ್ಲಿ ಕಲ್ಲುಗಳ ಅಡಿ ಸ್ಟೋನ್‌ಫ್ಲೈ ಎಂಬ ಕೀಟದ ಮರಿ ಬದುಕುತ್ತದೆ. ಚಪ್ಪಟೆ ಮೈ, ಆರು ಕಾಲು, ಎರಡು ಬಾಲ. ಅದಕ್ಕೆ ಚೆನ್ನಾಗಿ ಈಜಲು ಬಾರದು. ಕಲ್ಲಿನ ಹಿಡಿತ ತಪ್ಪಿದರೆ ತಳದಲ್ಲೇ ಉರುಳಿಕೊಂಡು ಹೋಗುತ್ತದೆ, ಟ್ರೌಟ್ ಅಲ್ಲೇ ಕಾದಿರುತ್ತದೆ. ಹಾಗಾಗಿ ಅದರ ನಕಲು ಕಟ್ಟುವವರು ಗಾಳಕ್ಕೇ ತಂತಿ ಸುತ್ತಿ ತೂಕ ಕೊಡುತ್ತಾರೆ, ತಳ ಮುಟ್ಟಲಿ ಅಂತ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹುಳ ಕಟ್ಟಲು ದಾರವನ್ನೇ ಬಿಟ್ಟು ಸಣ್ಣ ತಾಮ್ರದ ತಂತಿ ಬಳಸಿದರು. ಕಟ್ಟುವುದೂ ತಂತಿ, ತೂಕವೂ ತಂತಿ. ವೈಂಡಿಂಗ್ ಮಾಡುವ ನನ್ನಂಥವನಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ನಮ್ಮ ಕೆರೆಗೆ ಸ್ಟೋನ್‌ಫ್ಲೈ ಕಟ್ಟಬೇಡಿ. ನಿಂತ ನೀರಿನ ಕೆಸರಲ್ಲಿ ಅದು ಬದುಕುವುದಿಲ್ಲ. ಕಟ್ಟುವ ಮುಂಚೆ ಹಳೇ ಜರಡಿ ತೆಗೆದುಕೊಂಡು ಕೆರೆ ಅಂಚಿಗೆ ಹೋಗಿ. ಮೊಣಕಾಲುದ್ದದ ನೀರಲ್ಲಿ, ಜೊಂಡಿನ ಬುಡದಿಂದ ಒಂದು ಬೊಗಸೆ ಕೆಸರು ಎತ್ತಿ ಜಾಲಿಸಿ ನೋಡಿ. ದಪ್ಪ ಹೊಟ್ಟೆಯ, ಕೆಸರು ಬಣ್ಣದ, ಉಬ್ಬುಗಣ್ಣಿನ ಒಂದು ಹುಳ ಸಿಗುತ್ತದೆ. ಅದು ಏರೋಪ್ಲೇನ್ ಚಿಟ್ಟೆಯ ಮರಿ. ಅಂಗೈ ಮೇಲೆ ನೀರು ಹಾಕಿ ಬಿಟ್ಟರೆ ಹಿಂಭಾಗದಿಂದ ನೀರು ಚಿಮ್ಮಿಸಿ ಪಟ್ಟನೆ ಮುಂದಕ್ಕೆ ನುಗ್ಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಮತ್ತೆ ನುಗ್ಗುತ್ತದೆ. ಈ ನಡೆಯನ್ನು ಚೆನ್ನಾಗಿ ನೋಡಿಕೊಳ್ಳಿ, ಮುಂದೆ ಕೋಲು ಆಡಿಸುವಾಗ ಬೇಕಾಗುತ್ತದೆ. ತೆಳ್ಳಗೆ, ಹಿಂದೆ ಮೂರು ಎಲೆಯಂಥ ಬಾಲ ಇರುವುದು ಸಿಕ್ಕರೆ ಅದು ಅದರ ದಾಯಾದಿ, ಸೂಜಿ ಚಿಟ್ಟೆಯ ಮರಿ. ನಾವು ಕಟ್ಟುವುದು ದಪ್ಪನೆಯದು.

ಈಗ ಸಾಮಾನು. ಎಂಟನೇ ನಂಬರಿನ ಉದ್ದ ಕಡ್ಡಿಯ, ಅಂದರೆ ನೇರ ಭಾಗ ಉದ್ದವಿರುವ ಗಾಳ ತನ್ನಿ. ನಂಬರ್ ಜಾಸ್ತಿ ಆದಷ್ಟೂ ಗಾಳ ಚಿಕ್ಕದು, ಅಂಗಡಿಯಲ್ಲಿ ಕೇಳುವಾಗ ನೆನಪಿರಲಿ. ತಂತಿ ಎರಡು ಬಗೆಯದು ಬೇಕು: ತೂಕಕ್ಕೆ 24 ಗೇಜ್, ಕಟ್ಟುವುದಕ್ಕೆ 36 ಗೇಜ್. 36 ಅಂದರೆ ಸೀಲಿಂಗ್ ಫ್ಯಾನಿಗೆ ಸುತ್ತುವ ತಂತಿ, ಸುಮಾರು 0.19 ಮಿಲಿಮೀಟರ್ ದಪ್ಪ. ಯಾವ ವೈಂಡಿಂಗ್ ಅಂಗಡಿಯಲ್ಲಿ ಕೇಳಿದರೂ ಉಳಿದ ತುಂಡು ಕೊಡುತ್ತಾರೆ. ಬೋರ್‌ವೆಲ್ ಸಬ್‌ಮರ್ಸಿಬಲ್ ಮೋಟಾರಿನ ತಂತಿ ಮಾತ್ರ ಬೇಡ. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಸುತ್ತಿದರೆ ಜಾರುತ್ತದೆ, ಊದಿಕೊಂಡಂತೆ ಕಾಣುತ್ತದೆ. ಎನಾಮಲ್ ಬಳಿದ ತಂತಿಯೇ ಸರಿ. ಸುಟ್ಟ ಮೋಟಾರಿನಿಂದ ಕಿತ್ತ ತಂತಿಯೂ ಬೇಡ, ಬಿಗಿ ಎಳೆದರೆ ಪಟಕ್ಕನೆ ತುಂಡಾಗುತ್ತದೆ.

ಮೈಗೆ ತೆಂಗಿನ ನಾರಿನ ಪುಡಿ ಎಳೆಗಳು. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ ಇಲ್ಲ ಅಲ್ವಾ? ಕಾಲಿಗೆ ನಾಟಿ ಕೋಳಿಯ ಕತ್ತಿನ ಕಂದು ಗರಿ ಒಂದು. ಕಣ್ಣಿಗೆ ವಾಶ್ ಬೇಸಿನ್ ಮುಚ್ಚಳಕ್ಕೆ ಕಟ್ಟುವ ಗುಂಡಿನ ಚೈನ್, ಅದರಲ್ಲಿ ಎರಡು ಗುಂಡು. ಇಷ್ಟೇ.

ಗಾಳದ ತುದಿಯ ಹಿಂದಿರುವ ಚಿಕ್ಕ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಅದುಮಿ ಮಟ್ಟ ಮಾಡಿ. ಚಿಕ್ಕ ಮೀನನ್ನು ವಾಪಸ್ ಬಿಡುವಾಗ ಬಾಯಿ ಹರಿಯುವುದಿಲ್ಲ. ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ. ಗಾಳ ಹಿಡಿಯಲು ವೈಸ್ ಇಲ್ಲದಿದ್ದರೆ ಇಕ್ಕಳದ ಹಿಡಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಅದರ ಬಾಯಿಗೆ ಗಾಳದ ಬಾಗು ಕೊಡಿ. ಗಟ್ಟಿಯಾಗಿ ಕೂರುತ್ತದೆ.

36ರ ತಂತಿಯನ್ನು ಗಾಳದ ಕಣ್ಣಿನ (ದಾರ ಪೋಣಿಸುವ ತೂತಿನ) ಹಿಂದೆ ಹತ್ತಾರು ಸುತ್ತು ಒತ್ತೊತ್ತಾಗಿ ಸುತ್ತಿ. ಅಲ್ಲೇ ಕಡ್ಡಿಯ ಮೇಲ್ಭಾಗದಲ್ಲಿ ಚೈನಿನ ಎರಡು ಗುಂಡು ಅಡ್ಡ ಇಟ್ಟು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಎಂಟರ ಆಕಾರದಲ್ಲಿ ತಂತಿ ಬಿಗಿಯಿರಿ. ಗುಂಡು ಕಡ್ಡಿಯ ಮೇಲ್ಭಾಗದಲ್ಲೇ ಇರಬೇಕು, ಇದು ಮುಖ್ಯ. ಆ ತೂಕಕ್ಕೆ ಗಾಳ ನೀರಲ್ಲಿ ಮಗುಚಿಕೊಳ್ಳುತ್ತದೆ, ಮೊನೆ ಮೇಲಕ್ಕೆ ಬರುತ್ತದೆ. ನಮ್ಮ ಕೆರೆ ಅಂಗಳದಲ್ಲಿ ಬಳ್ಳಾರಿ ಜಾಲಿಯ ಬೊಡ್ಡೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಮೊನೆ ಕೆಳಗಿದ್ದರೆ ಹುಳವೆಲ್ಲ ಜಾಲಿಗೇ ಹೋಗುತ್ತದೆ.

ಈಗ 24ರ ತಂತಿಯಲ್ಲಿ ಎರಡು ತುಂಡು ಕತ್ತರಿಸಿ. ಉದ್ದ ಕಡ್ಡಿಯ ಮುಕ್ಕಾಲು ಭಾಗದಷ್ಟಿರಲಿ. ಕಡ್ಡಿಯ ಎಡಕ್ಕೊಂದು, ಬಲಕ್ಕೊಂದು ಒತ್ತಿ ಹಿಡಿದು 36ರಲ್ಲಿ ಸುತ್ತಿ ಕೂರಿಸಿ. ಸುರುಳಿಯಾಗಿ ಸುತ್ತಿದರೆ ಮೈ ಗುಂಡಗಾಗುತ್ತದೆ. ಹೀಗೆ ಪಕ್ಕಪಕ್ಕ ಇಟ್ಟರೆ ಚಪ್ಪಟೆಯಾಗಿ, ಅಗಲವಾಗಿ ನಿಜವಾದ ಹುಳದ ಮೈ ಬರುತ್ತದೆ. ಸ್ಟೋನ್‌ಫ್ಲೈ ಕಟ್ಟುವವರ ಕೈಚಳಕ ಇದು, ನಮ್ಮ ಹುಳಕ್ಕೂ ಹೇಳಿ ಮಾಡಿಸಿದ ಹಾಗಿದೆ. ಮೇಲೆ ವೈಂಡಿಂಗ್ ವಾರ್ನಿಷ್ ತೆಳ್ಳಗೆ ಬಳಿದು ಒಣಗಲು ಬಿಡಿ. ತಾಮ್ರ ಕಿಲುಬು ಹಿಡಿಯುವುದಿಲ್ಲ, ಸುತ್ತು ಸಡಿಲವಾಗುವುದಿಲ್ಲ.

ಒಣಗಿದ ಮೇಲೆ ನಾರು. ಎಳೆಗಳನ್ನು ಕತ್ತರಿಯಲ್ಲಿ ಸಣ್ಣಗೆ ಕೊಚ್ಚಿ, 36ರ ತಂತಿಗೆ ಒಂದಿಷ್ಟು ಜೇನುಮೇಣ ಸವರಿ, ನಾರನ್ನು ಅದಕ್ಕೆ ಹೊಸೆಯಿರಿ. ಬತ್ತಿ ಹೊಸೆದ ಹಾಗೆ, ಒಂದೇ ದಿಕ್ಕಿಗೆ. ಹಿಂದಿನಿಂದ ಮುಂದಕ್ಕೆ ಸುತ್ತುತ್ತಾ ಬನ್ನಿ. ಹೊಟ್ಟೆ ದಪ್ಪ, ಕತ್ತಿನ ಹತ್ತಿರ ಸಣ್ಣ. ಕಣ್ಣುಗುಂಡಿನ ಹಿಂದೆ ಗರಿಯ ತುದಿ ಕಟ್ಟಿ ಎರಡೇ ಸುತ್ತು ಹಾಕಿ ನಿಲ್ಲಿಸಿ. ಜಾಸ್ತಿ ಗರಿ ಹಾಕಿದರೆ ನೋಡಲು ಚೆಂದ, ಮುಳುಗುವುದು ನಿಧಾನ. ತಂತಿಯನ್ನು ತನ್ನ ಮೇಲೇ ನಾಲ್ಕು ಸುತ್ತು ಸುತ್ತಿ ತಿರುಚಿ ಮುರಿಯಿರಿ, ಒಂದು ತೊಟ್ಟು ವಾರ್ನಿಷ್ ಇಡಿ.

ಬಕೆಟ್ ನೀರಿಗೆ ಹಾಕಿ ನೋಡಿ. ತಲೆ ಕೆಳಗಾಗಿ ಇಳಿದು, ಮೊನೆ ಮೇಲಾಗಿ ಕೂತರೆ ಹುಳ ಸರಿಯಿದೆ. ಪಕ್ಕಕ್ಕೆ ಬಿದ್ದರೆ ಗುಂಡು ಒಂದು ಕಡೆ ವಾಲಿದೆ ಅಂತ ಅರ್ಥ. ಬೆರಳಲ್ಲಿ ತಿರುವಿ ನೆಟ್ಟಗೆ ಮಾಡಿ.

ಸೀಸ ಯಾಕೆ ಬೇಡ ಅಂತ ಕೇಳುವವರಿಗೆ: ಸೀಸ ತಾಮ್ರಕ್ಕಿಂತ ಭಾರ ನಿಜ, ಆದರೆ ವಿಷ. ಕೆಸರಲ್ಲಿ ಹರಳು ಹೆಕ್ಕಿ ನುಂಗುವ ನೀರುಹಕ್ಕಿಗಳು ಸೀಸದ ಗುಂಡನ್ನೂ ನುಂಗಿ ಸಾಯುತ್ತವೆ. ಹಂಸಗಳು ಹೀಗೆ ಸಾಯುತ್ತಿದ್ದವು ಅಂತ ಬ್ರಿಟನ್ನಿನಲ್ಲಿ 1987ರಲ್ಲೇ ಗಾಳದ ಚಿಕ್ಕ ಸೀಸದ ಗುಂಡುಗಳನ್ನು ನಿಷೇಧಿಸಿದರು. ನಮ್ಮ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರೇ ಅವನ್ನು ಕಾಯುತ್ತಾರೆ. ಆ ಹಕ್ಕಿಗಳು ಮರಿಗೆ ಮೀನು ತರುವುದು ಇಂಥ ಕೆರೆಗಳಿಂದಲೇ. ತುಂಡಾದ ತಂಗೂಸಿಯನ್ನು ದಯವಿಟ್ಟು ಕೆರೆಯಲ್ಲಿ ಬಿಟ್ಟು ಬರಬೇಡಿ. ಹಕ್ಕಿ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರು ಯಾರೂ ಇಲ್ಲ.

ಕೋಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹನ್ನೆರಡು ಅಡಿಯ ಸಣ್ಣ ಬಿದಿರು, ಅದರ ತುದಿಗೆ ಅಷ್ಟೇ ಉದ್ದದ ದಪ್ಪ ತಂಗೂಸಿ, ಕೊನೆಯ ಮೂರಡಿ ಮಾತ್ರ 0.25 ಮಿಲಿಮೀಟರಿನದು. ದೊಡ್ಡ ಗೆಂಡೆ ಎಳೆದರೆ ಆ ಸಣ್ಣದು ಮೊದಲು ತುಂಡಾಗಲಿ, ಕೋಲು ಉಳಿಯಲಿ. ಹುಳವನ್ನು ಬಿಗಿ ಗಂಟಿಗಿಂತ ಚಿಕ್ಕ ಕುಣಿಕೆಯಲ್ಲಿ ಕಟ್ಟಿದರೆ ಚೆನ್ನಾಗಿ ಆಡುತ್ತದೆ.

ಹೊತ್ತಿನ ವಿಷಯಕ್ಕೆ ಬಂದರೆ, ಎಲ್ಲರೂ ನಸುಕಿಗೇ ಹೋಗಿ ಅನ್ನುತ್ತಾರೆ. ನೀರು ತಿಳಿಯಾಗಿದ್ದರೆ ಸರಿ. ಪಾಚಿ ಕಟ್ಟಿ ಹಸಿರಾದ ಕೆರೆಯಲ್ಲಿ ನಸುಕು ಕೆಟ್ಟ ಹೊತ್ತು. ರಾತ್ರಿಯೆಲ್ಲ ಪಾಚಿಯೂ ನೀರಿನ ಆಮ್ಲಜನಕ ಹೀರಿರುತ್ತದೆ, ಬೆಳಗಿನ ಜಾವಕ್ಕೆ ಅದು ತೀರಾ ಕಡಿಮೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿರುತ್ತದೆ, ಮೇಯುವುದಿಲ್ಲ. ಬಿಸಿಲು ಬಿದ್ದು ಒಂದೆರಡು ಗಂಟೆ ಆದ ಮೇಲೆ ಹೋಗಿ. ನಾಲೆ ನೀರು ಬಂದು ಬೀಳುವ ಜಾಗ ಇದ್ದರೆ ಯಾವ ಹೊತ್ತಾದರೂ ಒಳ್ಳೆಯದೇ.

ಏರಿ ಕಡೆ ಆಳ ಜಾಸ್ತಿ, ಅಲ್ಲಿ ಬೇಡ. ಎದುರಿನ ಅಂಗಳದ ಕಡೆ ಬನ್ನಿ, ಸೊಂಟಕ್ಕಿಂತ ಕಡಿಮೆ ನೀರಿರುವ ಕಡೆ. ಸದ್ದಿಲ್ಲದೆ ನಿಂತು ನೋಡಿ. ಕೆಸರು ಕದಡಿ ಹೊಗೆಯಂತೆ ಎದ್ದು, ಸಣ್ಣ ಗುಳ್ಳೆಗಳ ಸಾಲು ಮುಂದಕ್ಕೆ ಸರಿಯುತ್ತಿದ್ದರೆ ಅಲ್ಲಿ ಗೆಂಡೆ ಮೇಯುತ್ತಿದೆ. ಅದು ಕೆಸರನ್ನು ಬಾಯಿಗೆ ಎಳೆದುಕೊಂಡು, ತಿನ್ನುವುದನ್ನು ಉಳಿಸಿಕೊಂಡು, ಮಿಕ್ಕಿದ್ದನ್ನು ಉಗುಳುತ್ತದೆ. ಹುಳವನ್ನು ಗುಳ್ಳೆಗಳ ನಡುವೆ ಎಸೆಯಬೇಡಿ, ಮೀನು ಓಡಿ ಹೋಗುತ್ತದೆ. ಆಚೆಗೆ ಹಾಕಿ, ಮೇಲಿಂದಲೇ ಎಳೆದು ತಂದು, ಗುಳ್ಳೆ ಸಾಲಿನ ಒಂದು ಗೇಣು ಮುಂದೆ ಇಳಿಬಿಡಿ. ತಳ ಮುಟ್ಟಲಿ. ಆಮೇಲೆ ಕೋಲಿನ ತುದಿಯನ್ನು ಎರಡು ಬೆರಳಷ್ಟು ಪಟ್ಟನೆ ಎತ್ತಿ, ಸುಮ್ಮನಿರಿ. ಆ ಅಂಗೈ ಮೇಲಿನ ಹುಳ ಮಾಡಿದ ಹಾಗೆ.

ಕೈಗೆ ಜಗ್ಗು ಸಿಗಲಿ ಅಂತ ಕಾಯಬೇಡಿ. ಗೆಂಡೆ ಹೀರಿದಷ್ಟೇ ಬೇಗ ಉಗುಳುತ್ತದೆ. ತಂಗೂಸಿ ನೀರು ಮುಟ್ಟುವ ಜಾಗದ ಮೇಲೆ ಕಣ್ಣಿರಲಿ. ಅದು ಒಂದು ಕೂದಲಷ್ಟು ಪಕ್ಕಕ್ಕೆ ಸರಿದರೂ, ಇಳಿಯುತ್ತಿದ್ದದ್ದು ಅರ್ಧಕ್ಕೇ ನಿಂತರೂ, ಕೋಲನ್ನು ಮೃದುವಾಗಿ ಮೇಲೆತ್ತಿ. ಜಿಲೇಬಿ ಹಾಗಲ್ಲ, ಟಕ್ ಟಕ್ ಅಂತ ಕೈಗೇ ಹೇಳುತ್ತದೆ.

ಕೆರೆಗೆ ಹೋಗುವ ಮುಂಚೆ ಗುತ್ತಿಗೆ ಹಿಡಿದವರನ್ನು ಕೇಳಿ. ದೊಡ್ಡ ಕೆರೆಗಳ ಮೀನು ಗುತ್ತಿಗೆ ಮೀನುಗಾರಿಕೆ ಇಲಾಖೆಯದು, ಚಿಕ್ಕವು ಗ್ರಾಮ ಪಂಚಾಯಿತಿಯದು. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಕೆರೆಯಲ್ಲಿರುವ ಒಂದೊಂದೂ ಯಾರೋ ದುಡ್ಡು ಕೊಟ್ಟು ತಂದು ಬಿಟ್ಟ ಮರಿ. ಗೆಂಡೆ ಜೊಂಡಿಗೆ ಮೊಟ್ಟೆ ಅಂಟಿಸಿ ತಾನೇ ಹೆಚ್ಚಿಕೊಳ್ಳುತ್ತದೆ, ಜಿಲೇಬಿಯೂ ತಾನಾಗೇ ಹೆಚ್ಚುತ್ತದೆ. ಈ ಎರಡನ್ನೇ ಹಿಡಿಯುತ್ತೇನೆ, ಕಾಟ್ಲಾ ರೋಹು ಬಿದ್ದರೆ ವಾಪಸ್ ಬಿಡುತ್ತೇನೆ ಎಂದು ಹೇಳಿ ಕೇಳಿದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ.

ಮನೆಗೆ ಬಂದ ಮೇಲೆ ಹುಳಗಳನ್ನು ಒಂದು ಥರ್ಮಕೋಲ್ ತುಂಡಿಗೆ ಚುಚ್ಚಿ ನೆರಳಲ್ಲಿ ಒಣಗಿಸಿ, ಆಮೇಲೆ ಡಬ್ಬಿಗೆ ಹಾಕಿ. ಒದ್ದೆ ಇದ್ದಂತೆ ಮುಚ್ಚಿದರೆ ಗಾಳ ತುಕ್ಕು ಹಿಡಿಯುತ್ತದೆ. ಗರಿ ಉದುರಿ ನಾರು ಕಿತ್ತಿದ್ದರೆ ಎಸೆಯಬೇಡಿ. ಬ್ಲೇಡಿನಲ್ಲಿ ಮೇಲಿನದನ್ನು ಕೆರೆದು, ತೂಕದ ತಂತಿ ಮತ್ತು ಕಣ್ಣುಗುಂಡು ಹಾಗೇ ಇಟ್ಟುಕೊಂಡು, ಹೊಸ ನಾರು ಸುತ್ತಿ. ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ. ಗೀರದೆ ಜಾರಿದರೆ ಮೊಂಡಾಗಿದೆ, ಸಣ್ಣ ಅರದಲ್ಲಿ ಎರಡು ಸಲ ಉಜ್ಜಿದರೆ ಸಾಕು.