ಕ್ಯೋಟೋದ ಫಿಲಾಸಫರ್ಸ್ ಪಾತ್‌ಗೆ ಎರಡನೇ ಸಲ ಹೋಗೋರಿಗೆ

ಫಿಲಾಸಫರ್ಸ್ ಪಾತ್ ಅಂದ್ರೆ ಜಪಾನಿನ ಕ್ಯೋಟೋದಲ್ಲಿ ಕಾಲುವೆ ಪಕ್ಕದಲ್ಲೇ ಇರೋ ನಡೆಯೋ ದಾರಿ. ಮೊದಲ್ನೇ ಸಲ ಎಲ್ರೂ ಬಸ್ಸಲ್ಲಿ ಉತ್ತರ ತುದಿಯ ಗಿಂಕಾಕುಜಿ ದೇವಸ್ಥಾನದ ಹತ್ರ ಇಳಿದು ದಕ್ಷಿಣಕ್ಕೆ ನಡೀತಾರೆ, ನಾನೂ ಹಂಗೇ ಮಾಡಿದ್ದು. ಎರಡನೇ ಸಲ ಉಲ್ಟಾ ಮಾಡಿ. ತೋಜಾಯ್ ಸಬ್‌ವೇಲಿ ಕೆಯಾಗೆ ಸ್ಟೇಷನ್‌ಗೆ ಬಂದು, ಮೊದ್ಲು ನಾನ್‌ಜೆನ್‌ಜಿ ದೇವಸ್ಥಾನದ ಒಳಗಿರೋ ಸುಯಿರೋಕಾಕು ಅನ್ನೋ ಇಟ್ಟಿಗೆ ಕಮಾನುಗಳ ನೀರಿನ ಸೇತುವೆ ನೋಡಿ, ಅದ್ರ ಮೇಲೆ ಇವತ್ತಿಗೂ ಬಿವಾ ಸರೋವರದ ನೀರು ಹರೀತಿದೆ, ಅದೇ ಕಾಲುವೆ ಮುಂದೆ ನಿಮ್ ಪಕ್ಕದಲ್ಲೇ ಬರುತ್ತೆ. ಮಜಾ ಏನಂದ್ರೆ ಕ್ಯೋಟೋದ ನದಿಗಳೆಲ್ಲ ದಕ್ಷಿಣಕ್ಕೆ ಹೋದ್ರೆ ಈ ಕಾಲುವೆ ಉತ್ತರಕ್ಕೆ ಹೋಗುತ್ತೆ, ಸೋ ಈ ಸಲ ನೀವು ನೀರಿನ ಜೊತೆಗೇ ನಡೀತೀರ.

ದಾರಿ ಸುಮಾರು 2 ಕಿಲೋಮೀಟರ್ ಅಷ್ಟೇ. ನಿಶಿದಾ ಕಿತಾರೋ ಅನ್ನೋ ತತ್ವಶಾಸ್ತ್ರದ ಮೇಷ್ಟ್ರು ಯೋಚ್ನೆ ಮಾಡ್ತಾ ಓಡಾಡ್ತಿದ್ರು ಅಂತ ಈ ಹೆಸ್ರು.

ಸೀಸನ್ ಬದಲಾಯಿಸಿ ಹೋಗಿ. ಏಪ್ರಿಲ್ ಶುರುವಲ್ಲಿ ಚೆರ್ರಿ ಹೂವು, ಆದ್ರೆ ಹೂವಿಗಿಂತ ಸೆಲ್ಫಿ ಸ್ಟಿಕ್ಕೇ ಜಾಸ್ತಿ. ಜೂನ್‌ನಲ್ಲಿ ಕತ್ತಲಾದ್ಮೇಲೆ ಹೋದ್ರೆ ನೀರಿನ ಮೇಲೆ ಮಿಣುಕು ಹುಳ ಕಾಣ್ಬಹುದು, ನನ್ ಕೇಳಿದ್ರೆ ಅದೇ ಬೆಸ್ಟ್, ಮಳೆಗಾಲ ಕೊಡೆ ಮರೀಬೇಡಿ. ಹೂವಿನ ಟೈಮಲ್ಲೇ ಹೋಗೋದಾದ್ರೆ ಬೆಳಿಗ್ಗೆ 7 ಗಂಟೆ ಒಳಗೆ, ಕೆಫೆಗಳು ತೆರೆದಿರಲ್ಲ, ತಿಂಡಿ ಚೀಲದಲ್ಲಿರ್ಲಿ.

ಹೋದ್ಸಲ ಬಿಟ್ಟಿದ್ರೆ ಹೋನೆನ್-ಇನ್ ದೇವಸ್ಥಾನಕ್ಕೆ ಈ ಸಲ ತಿರುಗಿ, ಹುಲ್ಲಿನ ಚಾವಣಿ ಬಾಗಿಲು, ಎರಡು ಕಡೆ ಮರಳಿನ ದಿಬ್ಬ. ಹಳೇ ಫೋಟೋ ಫೋನಲ್ಲಿಟ್ಕೊಂಡು ಅದೇ ಸೇತುವೆ ಹುಡುಕೋದು ಮಾತ್ರ ಕಷ್ಟ, ಎಲ್ಲಾ ಸೇತುವೆನೂ ಒಂದೇ ಥರ ಇವೆ ಮಾರಾಯ್ರೆ.